ಉರಿಯೂತದ ಕಿಚ್ಚೂ ಕಿಣ್ವಗಳ ಕಾವಲೂ

ಕಮರಿಪೇಟೆಯ ಓಣಿಯೊಂದರಲ್ಲಿ ಬರಿಗಾಲಿನಿಂದ ಓಡುತ್ತಿರುವ ಬಾಲಕನೊಬ್ಬನ ಹಿಮ್ಮಡಿಗೆ ಮುಳ್ಳೊಂದು ನೆಟ್ಟಿತೆಂದು ಭಾವಿಸಬೇಕು. ಮನೆಯ ಹಿರಿಯಳು ಮುಳ್ಳನ್ನು ಕಿತ್ತು, ಗಾಯವನ್ನು ತೊಳೆದು, ಅರಿಷಿಣವನ್ನೊತ್ತಿ, ಹಳೆಯ ಪತ್ತಲದ ಅರಿವೆಯನ್ನು ಸುತ್ತುತ್ತಾಳೆ. ಮರುದಿನ ಬೆಳಗಿಗೆ ಹಿಮ್ಮಡಿ ಕೆಂಪಡರಿ ಬಾತಿರುತ್ತದೆ. ಮುಟ್ಟಿದರೆ ಬಿಸಿ, ನೆಲಕ್ಕೂರಿದರೆ ನೋವು. ಮನೆಯವರು ಇದನ್ನು ಮುಳ್ಳು ಮಾಡಿದ ಕೇಡೆಂದೇ ತಿಳಿಯುತ್ತಾರೆ. ಆದರೆ ಆ ಕೆಂಪು, ಆ ಬಾವು, ಆ ಬಿಸಿ ಯಾವುದೂ ಮುಳ್ಳಿನದಲ್ಲ. ಅವೆಲ್ಲವೂ ಬಾಲಕನ ದೇಹವು ತಾನೇ ಹೊತ್ತಿಸಿಕೊಂಡ ಬೆಂಕಿಯ ಲಕ್ಷಣಗಳು. ಈ ಬೆಂಕಿ ಹೊತ್ತದಿದ್ದರೆ ಮುಳ್ಳಿನೊಡನೆ ಒಳಹೊಕ್ಕ ಸೂಕ್ಷ್ಮಜೀವಿಗಳು ರಕ್ತಕ್ಕಿಳಿದು ಪ್ರಾಣಕ್ಕೇ ಮುಳುವಾಗುತ್ತಿದ್ದವು. ಹೊತ್ತಿದ್ದು ಆರದಿದ್ದರೆ ಅದೇ ಬೆಂಕಿ ಸ್ವಂತ ಮನೆಯನ್ನೇ ಸುಡುತ್ತಿತ್ತು. ಇದನ್ನು ಹೊತ್ತಿಸುವ, ಅಳತೆಯಲ್ಲಿರಿಸುವ, ಕಡೆಗೆ ಆರಿಸುವ ಹೊಣೆಯನ್ನು ಹೊತ್ತಿರುವವು ಕಿಣ್ವಗಳು.

ಈ ಬೆಂಕಿಗೆ ಕನ್ನಡದಲ್ಲಿ 'ಉರಿಯೂತ'ವೆಂಬ ಹೆಸರು ನಿಂತಿದೆ. ಉರಿ ಎಂಬುದಕ್ಕೆ ಊತವೆಂಬುದು ಸೇರಿ ಯಕಾರಾಗಮವಾಗಿ ಸಿದ್ಧಿಸಿದ ಪದವಿದು. ಎರಡೂ ಅಚ್ಚಗನ್ನಡದ ಪದಗಳಾದ್ದರಿಂದ ಅರಿಸಮಾಸದ ದೋಷವಿಲ್ಲ. ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ರೋಮಿನ ಸೆಲ್ಸಸ್ ಎಂಬ ಗ್ರಂಥಕಾರನು ಇದಕ್ಕೆ ಕೆಂಪು, ಊತ, ಬಿಸಿ, ನೋವು ಎಂಬ ನಾಲ್ಕು ಲಕ್ಷಣಗಳನ್ನು ಹೇಳಿದನು. ನಮ್ಮ ಪದವು ಅವುಗಳಲ್ಲಿ ಊತವನ್ನು ಹೆಸರಿಟ್ಟು ಹೇಳುತ್ತದೆ. 'ಉರಿ' ಎಂಬ ಒಂದೇ ಮಾತಿನಲ್ಲಿ ಬಿಸಿಯನ್ನೂ ನೋವನ್ನೂ ಅಡಗಿಸುತ್ತದೆ. ಬೆಂಕಿಯ ನೆನಪಿನಿಂದ ಕೆಂಪನ್ನು ಸೂಚಿಸುತ್ತದೆ. ಪಾರಿಭಾಷಿಕ ಪದಗಳು ಇಷ್ಟು ಸಾರ್ಥಕವಾಗಿ ಒದಗುವುದು ವಿರಳ. ಸುಶ್ರುತ ಸಂಹಿತೆಯು ವ್ರಣದ ಶೋಫಕ್ಕೆ ಆಮ, ಪಚ್ಯಮಾನ, ಪಕ್ವವೆಂದು ಮೂರು ಅವಸ್ಥೆಗಳನ್ನು ಹೇಳಿ, ಯಾವ ಅವಸ್ಥೆಯಲ್ಲಿ ಶಸ್ತ್ರವಿಡಬೇಕೆಂಬುದನ್ನು ವೈದ್ಯನು ಅರಿತಿರಬೇಕೆಂದು ವಿಧಿಸುತ್ತದೆ. ಉರಿಯೂತಕ್ಕೆ ಕಾಲಕ್ರಮವುಂಟೆಂಬುದು, ಅಕಾಲದಲ್ಲಿ ಅದರಲ್ಲಿ ಕೈಯಾಡಿಸಿದರೆ ಕೇಡೆಂಬುದು ನಮ್ಮ ಹಿರಿಯರಿಗೆ ತಿಳಿದಿತ್ತು. ಬರಿಗಣ್ಣಿಗೆ ಕಾಣದ ಕಣಗಳಲ್ಲಿ ಏನು ನಡೆಯುತ್ತದೆಂಬುದು ಮಾತ್ರ ಅವರಿಗೆ ತಿಳಿಯುವ ಮಾರ್ಗವಿರಲಿಲ್ಲ.

ಆ ಮಾರ್ಗವು ತೆರೆದದ್ದೂ ಒಂದು ಮುಳ್ಳಿನಿಂದಲೇ ಎಂಬುದು ಸ್ವಾರಸ್ಯದ ಸಂಗತಿ. ೧೮೮೨ರಲ್ಲಿ ಸಿಸಿಲಿಯ ಮೆಸ್ಸಿನಾ ಪಟ್ಟಣದಲ್ಲಿ ನೆಲೆಸಿದ್ದ ರಷ್ಯದ ಪ್ರಾಣಿಶಾಸ್ತ್ರಜ್ಞ ಮೆಚ್ನಿಕಾಫನು ನಕ್ಷತ್ರಮೀನಿನ ಪಾರದರ್ಶಕವಾದ ಮರಿಯೊಂದಕ್ಕೆ ಮುಳ್ಳು ಚುಚ್ಚಿ, ಮರುದಿನ ಬೆಳಗ್ಗೆ ಸೂಕ್ಷ್ಮದರ್ಶಕದಲ್ಲಿ ನೋಡಿದನು. ಮುಳ್ಳಿನ ಸುತ್ತಲೂ ಚಲಿಸುವ ಜೀವಕೋಶಗಳು ಮುತ್ತಿಕೊಂಡಿದ್ದವು. ಅನ್ಯವಸ್ತುವನ್ನು ಮುತ್ತಿ ನುಂಗುವ ಈ ಭಕ್ಷಕ ಕೋಶಗಳು ಮನುಷ್ಯದೇಹದ ರಕ್ಷಣಾದಳದ ಮುಂಚೂಣಿಯ ಯೋಧರೂ ಹೌದೆಂಬ ಅವನ ಸಿದ್ಧಾಂತಕ್ಕೆ ೧೯೦೮ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು 'ಕಿಣ್ವ'ವೆಂಬ ಮಾತು. ಕೌಟಿಲ್ಯನ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ಮದ್ಯವನ್ನು ಹುಳಿಯಿಸುವ ಬೀಜದ್ರವ್ಯಕ್ಕೆ ಕಿಣ್ವವೆಂದು ಹೆಸರು. ೧೮೭೭ರಲ್ಲಿ ಜರ್ಮನಿಯ ಕ್ಯೂನೆ ಎಂಬ ಪಂಡಿತನು 'ಎನ್‌ಜೈಮ್' ಎಂಬ ಪದವನ್ನು ಗ್ರೀಕಿನಿಂದ ಕಟ್ಟಿದಾಗ ಅವನು ಕೊಟ್ಟ ಅರ್ಥವೂ 'ಹುದುಗಿನೊಳಗಿರುವುದು' ಎಂದೇ. ಹೀಗೆ ಈ ಭಾಷಾಂತರವು ಕೇವಲ ಸಂಕೇತವಲ್ಲ, ಮೂಲದ ಹೃದಯವನ್ನೇ ಹಿಡಿದದ್ದು. ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವವರಿಗೆ ಕಿಣ್ವದ ಸ್ವಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ: ಸ್ವಲ್ಪವೇ ಇದ್ದು ಬಹಳವನ್ನು ಮಾರ್ಪಡಿಸುವುದು ಅದರ ಗುಣ. ಆದರೆ ಹೆಪ್ಪಿನಲ್ಲಿರುವವು ಜೀವಿಗಳು. ಕಿಣ್ವವೆಂದರೆ ಆ ಜೀವಿಗಳೊಳಗೆ ದುಡಿಯುವ ಪ್ರೋಟೀನು. ರಾಸಾಯನಿಕ ಕ್ರಿಯೆಯೊಂದನ್ನು ತ್ವರೆಗೊಳಿಸಿ, ತಾನು ವ್ಯಯವಾಗದೆ ಮತ್ತೊಂದಕ್ಕೆ ಸಿದ್ಧವಾಗಿ ನಿಲ್ಲುತ್ತದೆ. ಅನ್ನವನ್ನು ಅರಗಿಸುವ ಕಿಣ್ವಗಳ ವಿಷಯವನ್ನು ಶಾಲೆಯ ಮಕ್ಕಳೆಲ್ಲರೂ ಓದಿರುತ್ತಾರೆ. ಉರಿಯೂತದ ಕಿಣ್ವಗಳ ಕೆಲಸ ಅರಗಿಸುವುದಲ್ಲ, ಸುದ್ದಿ ಮುಟ್ಟಿಸುವುದು. ಸುದ್ದಿಯನ್ನು ಮುಟ್ಟಿಸುವುದೇ ಅಲ್ಲ, ತಡೆಯುವುದು, ತಿದ್ದುವುದು, ಅಳಿಸುವುದು ಕೂಡ.

ಬಾಲಕನ ಹಿಮ್ಮಡಿಗೆ ಮರಳಬೇಕು. ಚರ್ಮದ ಕೆಳಗೆ ಮಹಾಭಕ್ಷಕಗಳೆಂಬ ಕೋಶಗಳು ಸದಾ ಕಾವಲಿರುತ್ತವೆ. ಅವುಗಳ ಹೊರಪೊರೆಯ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳುಂಟು. ಕೆಲವು ಬ್ಯಾಕ್ಟೀರಿಯಗಳ ಹೊದಿಕೆಯಲ್ಲಿ ಮಾತ್ರ ಇರುವ ಕೊಬ್ಬು-ಸಕ್ಕರೆಗಳ ಸಂಯುಕ್ತವನ್ನು ಗುರುತಿಸುವ ಅಂತಹ ಒಂದು ಗ್ರಾಹಕವನ್ನು ೧೯೯೮ರಲ್ಲಿ ಬ್ರೂಸ್ ಬಾಯ್ಟ್ಲರ್ ಎಂಬವರ ತಂಡವು ಕಂಡುಹಿಡಿಯಿತು. ೨೦೧೧ರ ನೊಬೆಲ್ ಪಾರಿತೋಷಕದಲ್ಲಿ ಅವರಿಗೂ ಪಾಲು ದೊರೆಯಿತು. ಹೊಸಿಲಲ್ಲಿ ಶತ್ರುವು ಕಂಡಿತು, ಸರಿ. ಆದರೆ ಆಯುಧಗಳನ್ನು ಮಾಡುವ ವಿಧಾನವು ಬರೆದಿರುವುದು ಕೋಶದ ನಡುಮನೆಯಾದ ಕೇಂದ್ರದಲ್ಲಿ, ಅನುವಂಶಿಕ ತಂತುಗಳಲ್ಲಿ. ಹೊಸಿಲ ಸುದ್ದಿ ನಡುಮನೆಗೆ ಮುಟ್ಟುವ ಬಗೆ ಹೇಗೆ?

ಇಲ್ಲಿ ಕೈನೇಸ್ ಎಂಬ ಕಿಣ್ವವರ್ಗವು ರಂಗಕ್ಕೆ ಬರುತ್ತದೆ. ಕೈನೇಸುಗಳ ಕೆಲಸವಿಷ್ಟೆ: ಎಟಿಪಿ ಎಂಬ ಶಕ್ತಿದ್ರವ್ಯದಿಂದ ಫಾಸ್ಫೇಟಿನ ಒಂದು ತುಣುಕನ್ನು ಕಿತ್ತು ಮತ್ತೊಂದು ಪ್ರೋಟೀನಿಗೆ ಅಂಟಿಸುವುದು. ಇಷ್ಟು ಅಲ್ಪವಾದ ಸೇರ್ಪಡೆಯಿಂದ ಏನಾದೀತೆಂದು ಕೇಳುವವರು ಕನ್ನಡದ ಒತ್ತಕ್ಷರವನ್ನು ನೆನೆಯಬೇಕು. 'ಕತೆ'ಯ ಎರಡನೆಯ ಅಕ್ಷರದಡಿಗೆ ಒಂದು ತ-ಒತ್ತು ಬಿದ್ದರೆ ಅದು 'ಕತ್ತೆ'ಯಾಗುತ್ತದೆ. ಉಳಿದ ಅಕ್ಷರಗಳೆಲ್ಲ ಹಾಗೆಯೇ ಇದ್ದರೂ ಅರ್ಥವು ಮಾತ್ರ ನಾಲ್ಕು ಕಾಲಿನ ಮೇಲೆ ಎದ್ದು ಓಡುತ್ತದೆ. ಫಾಸ್ಫೇಟು ಪ್ರೋಟೀನಿನ ಒತ್ತಕ್ಷರ. ಅದು ಬಿದ್ದೊಡನೆ ಸುಮ್ಮನಿದ್ದ ಪ್ರೋಟೀನು ಎಚ್ಚರಗೊಳ್ಳುತ್ತದೆ, ಇಲ್ಲವೆ ಎಚ್ಚರವಿದ್ದುದು ನಿದ್ರಿಸುತ್ತದೆ. ಒಂದು ಕೈನೇಸು ಮುಂದಿನ ಕೈನೇಸಿಗೆ ಒತ್ತು ಹಾಕಿ ಎಬ್ಬಿಸುತ್ತದೆ, ಅದು ಮತ್ತೊಂದನ್ನು ಎಬ್ಬಿಸುತ್ತದೆ. ಒಂದೊಂದು ಕಿಣ್ವವೂ ಹಲವನ್ನು ಎಬ್ಬಿಸಬಲ್ಲದಾದ್ದರಿಂದ ಹೊಸಿಲಲ್ಲಿ ಪಿಸುಮಾತಾಗಿದ್ದ ಸುದ್ದಿ ನಡುಮನೆಗೆ ಬರುವಷ್ಟರಲ್ಲಿ ಡಂಗುರವಾಗಿರುತ್ತದೆ.

ನಡುಮನೆಯ ಹೊರಗೆ ಕಾದು ಕುಳಿತಿರುವ ಅಧಿಕಾರಿಯ ಹೆಸರು ಎನ್ಎಫ್-ಕಪ್ಪಾ-ಬಿ. ೧೯೮೬ರಲ್ಲಿ ಅಮೇರಿಕದಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಇದನ್ನು ಗುರುತಿಸಿದರು. ಇದು ಒಳಹೊಕ್ಕು ತಂತುಗಳ ಮೇಲೆ ಕುಳಿತರೆ ಉರಿಯೂತದ ಹತ್ತಾರು ದ್ರವ್ಯಗಳ ತಯಾರಿಕೆ ಮೊದಲಾಗುತ್ತದೆ. ಆದರೆ ಶಾಂತಿಕಾಲದಲ್ಲಿ ಐ-ಕಪ್ಪಾ-ಬಿ ಎಂಬ ಪ್ರೋಟೀನೊಂದು ಇದನ್ನು ಬಿಗಿಯಾಗಿ ತಬ್ಬಿ ಹೊರಗೇ ನಿಲ್ಲಿಸಿರುತ್ತದೆ. ಸುದ್ದಿ ಬಂದಾಗ ಐ-ಕಪ್ಪಾ-ಬಿ ಕೈನೇಸ್ ಎಂಬ ಕಿಣ್ವವು ಈ ಕಾವಲುಗಾರನ ೩೨ನೆಯ ಹಾಗೂ ೩೬ನೆಯ ಸ್ಥಾನದ ಸೆರೀನುಗಳಿಗೆ ಒಂದೊಂದು ಫಾಸ್ಫೇಟನ್ನು ಅಂಟಿಸುತ್ತದೆ. ಈ ಎರಡು ಒತ್ತು ಬೀಳುವುದೇ ಕಾವಲುಗಾರನ ಮರಣಪತ್ರ. ಕೆಲವೇ ನಿಮಿಷಗಳಲ್ಲಿ ಅದು ನುಚ್ಚುನೂರಾಗಿ, ಬಂಧಮುಕ್ತವಾದ ಎನ್ಎಫ್-ಕಪ್ಪಾ-ಬಿ ಕೇಂದ್ರವನ್ನು ಪ್ರವೇಶಿಸುತ್ತದೆ. ಆಮೇಲೆ ತಯಾರಾಗುವ ದ್ರವ್ಯಗಳು ರಕ್ತನಾಳಗಳನ್ನು ಹಿಗ್ಗಿಸುತ್ತವೆ, ಅವುಗಳ ಗೋಡೆಯನ್ನು ಸಡಿಲಿಸುತ್ತವೆ, ರಕ್ತದಲ್ಲಿ ಹರಿಯುವ ಬಿಳಿಯ ಕೋಶಗಳನ್ನು ಗಾಯದೆಡೆಗೆ ಕರೆಯುತ್ತವೆ. ಬಾಲಕನ ಹಿಮ್ಮಡಿಯ ಕೆಂಪೂ ಬಾವೂ ಹೀಗೆ ಬಂದವು.

ಕಾವಲುಗಾರನು ನುಚ್ಚುನೂರಾಗುವ ಬಗೆಯಲ್ಲಿಯೂ ಒಂದು ವ್ಯಾಕರಣವಿದೆ. ಯುಬಿಕ್ವಿಟಿನ್ ಎಂಬ, ೭೬ ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನನ್ನು ಕಿಣ್ವಗಳು ಇತರ ಪ್ರೋಟೀನುಗಳಿಗೆ ಸರಪಳಿಯಾಗಿ ಪೋಣಿಸುತ್ತವೆ. ಈ ಗುರುತು ಬಿದ್ದ ಪ್ರೋಟೀನುಗಳು ನಾಶವಾಗುವ ಬಗೆಯನ್ನು ಕಂಡುಹಿಡಿದ ಮೂವರಿಗೆ ೨೦೦೪ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಆದರೆ ಸರಪಳಿಯ ಕೊಂಡಿಗಳು ಒಂದನ್ನೊಂದು ಹಿಡಿದ ರೀತಿಯ ಮೇಲೆ ಅದರ ಅರ್ಥವು ಬದಲಾಗುತ್ತದೆ. ೪೮ನೆಯ ಸ್ಥಾನದಲ್ಲಿ ಕೂಡಿಕೊಂಡ ಸರಪಳಿ 'ಇದನ್ನು ನಾಶಮಾಡಿ' ಎನ್ನುತ್ತದೆ. ೬೩ನೆಯ ಸ್ಥಾನದಲ್ಲಿ ಕೂಡಿಕೊಂಡದ್ದು 'ಎಲ್ಲರೂ ಇಲ್ಲಿಗೆ ಕೂಡಿರಿ' ಎನ್ನುತ್ತದೆ. ಪ್ರಕೃತಿಯೊಂದೇ, ಪ್ರತ್ಯಯ ಬೇರೆ. 'ಮರವನ್ನು' ಎಂದರೆ ಕಡಿಯಲು ಕೊಡಲಿ ಎತ್ತಬಹುದು. 'ಮರದಲ್ಲಿ' ಎಂದರೆ ಹಕ್ಕಿಗಳು ಬಂದು ಕೂಡಬಹುದು. ಕಾವಲುಗಾರನಿಗೆ ಬೀಳುವುದು ಮೊದಲನೆಯ ಬಗೆಯದು. ಸುದ್ದಿಯ ದಾರಿಯಲ್ಲಿ ಕೈನೇಸುಗಳನ್ನು ಒಂದೆಡೆ ಕೂಡಿಸುವುದು ಎರಡನೆಯ ಬಗೆಯದು.

ಹೊತ್ತಿಸುವ ಕಥೆ ಇಷ್ಟು. ಆರಿಸುವ ಕಥೆ ಇದಕ್ಕಿಂತ ರಮ್ಯವಾದುದು, ಲೋಕಕ್ಕೆ ತಡವಾಗಿ ತಿಳಿದದ್ದು. ಎನ್ಎಫ್-ಕಪ್ಪಾ-ಬಿ ಕೇಂದ್ರದೊಳಗೆ ಕುಳಿತು ಬರೆಯಿಸುವ ಆಜ್ಞೆಗಳಲ್ಲಿ ಎರಡು ಅದರದೇ ವಿರುದ್ಧದ ಆಜ್ಞೆಗಳು. ಒಂದು, ನಾಶವಾದ ಕಾವಲುಗಾರನನ್ನೇ ಹೊಸದಾಗಿ ತಯಾರಿಸುವುದು. ಅದು ಕೇಂದ್ರಕ್ಕೆ ಬಂದು ತನ್ನ ಒಡೆಯನನ್ನು ಪುನಃ ತಬ್ಬಿ ಹೊರಗೊಯ್ಯುತ್ತದೆ. ಇನ್ನೊಂದು, ಎ೨೦ ಎಂಬ ಕಿಣ್ವವನ್ನು ತಯಾರಿಸುವುದು. ಭಾರತೀಯ ಮೂಲದ ವಿಶ್ವ ಮಿತ್ರ ದೀಕ್ಷಿತ್ ಅವರ ಪ್ರಯೋಗಶಾಲೆಯು ೧೯೯೦ರಲ್ಲಿ ಎ೨೦ರ ಮೊದಲ ವಿವರವನ್ನು ಪ್ರಕಟಿಸಿತು. ಅದರ ಕೈಚಳಕವನ್ನು ಅವರ ತಂಡವೇ ೨೦೦೪ರಲ್ಲಿ ಬಿಡಿಸಿಟ್ಟಿತು. ಈ ಒಂದೇ ಕಿಣ್ವಕ್ಕೆ ಎರಡು ಕೈಗಳು. ಒಂದು ಕೈಯಿಂದ ಅದು 'ಕೂಡಿರಿ' ಎಂಬ ಸರಪಳಿಯನ್ನು ಕಳಚುತ್ತದೆ. ಮತ್ತೊಂದು ಕೈಯಿಂದ ಅದೇ ಪ್ರೋಟೀನಿಗೆ 'ನಾಶಮಾಡಿ' ಎಂಬ ಸರಪಳಿಯನ್ನು ತೊಡಿಸುತ್ತದೆ. ಕೂಡಿದ ಸಭೆ ಚದುರುತ್ತದೆ, ಸುದ್ದಿ ನಿಲ್ಲುತ್ತದೆ. ಬೆಂಕಿಯು ಹೊತ್ತುವಾಗಲೇ ತನ್ನನ್ನು ಆರಿಸುವ ನೀರನ್ನೂ ಸೇದಿಟ್ಟುಕೊಳ್ಳುವಂತಹ ಏರ್ಪಾಡಿದು. ಎ೨೦ ಇಲ್ಲದಂತೆ ಮಾಡಿದ ಇಲಿಗಳು ಹಲವು ಅಂಗಗಳ ಉರಿಯೂತದಿಂದ ಎಳವೆಯಲ್ಲಿಯೇ ಸತ್ತುದನ್ನು ೨೦೦೦ದಲ್ಲಿಯೇ ಕಂಡಿದ್ದರು. ೨೦೧೬ರಲ್ಲಿ, ಈ ಕಿಣ್ವದ ಎರಡು ಪ್ರತಿಗಳಲ್ಲಿ ಒಂದು ಕೆಟ್ಟು ಹುಟ್ಟಿದ ಮನುಷ್ಯರ ಕುಟುಂಬಗಳು ಪತ್ತೆಯಾದವು. ಅಲ್ಲಿಯ ಮಕ್ಕಳಿಗೆ ಚಿಕ್ಕಂದಿನಿಂದಲೇ ಬಾಯಿಹುಣ್ಣು, ಜ್ವರ, ಕೀಲುನೋವು. ಯಾವ ಸೋಂಕೂ ಇಲ್ಲದೆ ಉರಿಯುವ ಬೆಂಕಿ ಅದು. ಅವರಿಗೆ ಕೊರತೆಯಾದದ್ದು ಶಕ್ತಿಯಲ್ಲ, ಶಕ್ತಿಯ ಮೇಲಣ ಹಿಡಿತ.

ಒತ್ತಕ್ಷರವನ್ನು ಅಳಿಸುವ ಕಿಣ್ವಗಳೂ ಇವೆ, ಅವು ಫಾಸ್ಫಟೇಸುಗಳು. ಕತ್ತರಿಯಂತೆ ಕತ್ತರಿಸಿ ಕೆಲಸ ಮಾಡುವವೂ ಇವೆ. ಇಂಟರ್‌ಲ್ಯೂಕಿನ್-೧ ಎಂಬ ಜ್ವರಕಾರಕ ದ್ರವ್ಯವು ಒರೆಯಲ್ಲಿನ ಕತ್ತಿಯಂತೆ ನಿಷ್ಕ್ರಿಯವಾಗಿ ತಯಾರಾಗುತ್ತದೆ. ಕ್ಯಾಸ್ಪೇಸ್-೧ ಎಂಬ ಕಿಣ್ವವು ಒರೆಯನ್ನು ಸೀಳಿದ ಮೇಲೆಯೇ ಅದಕ್ಕೆ ಅಲಗು. ವಾತರಕ್ತದ ರೋಗಿಯ ಕಾಲ ಹೆಬ್ಬೆರಳು ನಡುರಾತ್ರಿಯಲ್ಲಿ ಉರಿದೇಳುವುದು ಯೂರಿಕ್ ಆಮ್ಲದ ಹರಳುಗಳು ಈ ಕತ್ತರಿಯನ್ನು ಕೆರಳಿಸುವುದರಿಂದ ಎಂಬುದು ೨೦೦೬ರಲ್ಲಿ ತಿಳಿದುಬಂದಿತು.

ನೋವಿನ ದಾರಿ ಬೇರೆಯದು. ಕೋಶದ ಪೊರೆಯಿಂದ ಫಾಸ್ಫೋಲೈಪೇಸ್ ಎ೨ ಎಂಬ ಕಿಣ್ವವು ಒಂದು ಕೊಬ್ಬಿನಾಮ್ಲವನ್ನು ಬಿಡಿಸುತ್ತದೆ. ಸೈಕ್ಲೋಆಕ್ಸಿಜನೇಸ್ ಎಂಬ ಮತ್ತೊಂದು ಕಿಣ್ವವು ಅದರಿಂದ ಪ್ರೋಸ್ಟಾಗ್ಲಾಂಡಿನ್ನುಗಳನ್ನು ಮಾಡುತ್ತದೆ. ನೋವು, ಜ್ವರ, ಊತಗಳಿಗೆ ಇವು ಬಹುಮಟ್ಟಿಗೆ ಕಾರಣ. ಆಸ್ಪಿರಿನ್ ಈ ಎರಡನೆಯ ಕಿಣ್ವದ ಬಾಗಿಲಿಗೆ ಬೆಣೆ ಬಡಿಯುತ್ತದೆಂಬುದನ್ನು ಇಂಗ್ಲೆಂಡಿನ ಜಾನ್ ವೇನ್ ೧೯೭೧ರಲ್ಲಿ ತೋರಿಸಿದರು. ೧೯೮೨ರ ನೊಬೆಲ್ ಪಾರಿತೋಷಕ ಅವರಿಗೆ ಇನ್ನಿಬ್ಬರೊಡನೆ ದೊರೆಯಿತು. ರಕ್ತವನ್ನು ಹೆಪ್ಪುಗಟ್ಟಿಸುವ ಕಿರುತಟ್ಟೆಗಳಿಗೆ ಕೇಂದ್ರವಿಲ್ಲವಾಗಿ ಅವು ಹೊಸ ಕಿಣ್ವವನ್ನು ಮಾಡಿಕೊಳ್ಳಲಾರವು. ಆದ್ದರಿಂದ ಬಡಿದ ಬೆಣೆ ಅವುಗಳ ಆಯುಷ್ಯವಿಡೀ ನಿಲ್ಲುತ್ತದೆ. ಹೃದ್ರೋಗಿಗೆ ಹಿತವಾದ ಈ ಗುಣವೇ ಡೆಂಗೀ ಜ್ವರದವನಿಗೆ ರಕ್ತಸ್ರಾವದ ಅಪಾಯವನ್ನು ತರುತ್ತದೆ. ಇದೇ ವರ್ಗದ ಡೈಕ್ಲೋಫೆನಾಕ್ ಎಂಬ ಔಷಧವನ್ನು ದನಗಳಿಗೆ ಕೊಟ್ಟಾಗ, ಆ ದನಗಳು ಸತ್ತ ಮೇಲೆ ಅವುಗಳನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಅಳಿದವು. ೨೦೦೬ರಲ್ಲಿ ಭಾರತವು ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು. ರಾಮನಗರದ ರಾಮದೇವರ ಬೆಟ್ಟವು ರಣಹದ್ದುಗಳ ಧಾಮವಾದದ್ದು ೨೦೧೨ರಲ್ಲಿ. ಒಂದು ಕಿಣ್ವಕ್ಕೆ ಬಡಿದ ಬೆಣೆ ಎಲ್ಲಿಯವರೆಗೆ ನಾಟುತ್ತದೆಂಬುದನ್ನು ಮೊದಲೇ ಎಣಿಸುವುದು ಕಷ್ಟ.

ಫಾಸ್ಫೋಲೈಪೇಸ್ ಎ೨ ನಮ್ಮ ಹೊಲಗದ್ದೆಗಳಲ್ಲಿ ಮತ್ತೊಂದು ರೂಪದಲ್ಲಿ ಸಂಚರಿಸುತ್ತದೆ. ಕೊಳಕುಮಂಡಲದ ವಿಷದಲ್ಲಿ ಇದೇ ಬಗೆಯ ಕಿಣ್ವಗಳಿವೆ. ಕಡಿತದ ಜಾಗ ಭೀಕರವಾಗಿ ಬಾಯುವುದಕ್ಕೆ ಅವೂ ಕಾರಣ. ಮೈಸೂರು ವಿಶ್ವವಿದ್ಯಾನಿಲಯದ ಜೀವರಸಾಯನ ವಿಭಾಗದವರು ೧೯೮೦ರ ದಶಕದಿಂದ ಈ ವಿಷಕಿಣ್ವಗಳನ್ನು ಅಭ್ಯಸಿಸಿದರು. ಹಾವಿನ ಕಡಿತಕ್ಕೆ ಹಳ್ಳಿಗಳಲ್ಲಿ ಬಳಸುತ್ತಿದ್ದ ಈಶ್ವರಿ ಬೇರಿನ ಕುಲದ ಸಸ್ಯಗಳಲ್ಲಿರುವ ಅರಿಸ್ಟೊಲೋಕಿಕ್ ಆಮ್ಲವು ಆ ಕಿಣ್ವಗಳೊಡನೆ ಹೇಗೆ ವರ್ತಿಸುತ್ತದೆಂಬುದನ್ನೂ ಅವರು ಪರೀಕ್ಷಿಸಿದರು. ನಾಟಿ ಮದ್ದಿನಲ್ಲಿ ತಿರುಳಿಲ್ಲವೆಂದು ತಳ್ಳಿಹಾಕುವವರಿಗೆ ಇದು ಉತ್ತರ. ಆದರೆ ಅದೇ ಆಮ್ಲವು ಮೂತ್ರಪಿಂಡಗಳನ್ನು ಕೆಡಿಸಿ ಅರ್ಬುದವನ್ನು ತರುವುದೆಂಬುದು ಅನಂತರ ಸಿದ್ಧವಾಯಿತು. ನಾಟಿ ಮದ್ದೆಲ್ಲವೂ ನಿರಪಾಯಕರವೆಂದು ನಂಬುವವರಿಗೆ ಅದು ಉತ್ತರ. ಹಾವು ಕಡಿದವನಿಗೆ ಆಸ್ಪತ್ರೆಯ ಪ್ರತಿವಿಷವೇ ಗತಿ.

ಅರಿಷಿಣದ ವಿಚಾರವನ್ನು ಹೀಗೆಯೇ ನಿಷ್ಪಕ್ಷಪಾತವಾಗಿ ನೋಡಬೇಕು. ಗಾಯಕ್ಕೆ ಅರಿಷಿಣವೆಂಬ ತಿಳಿವಳಿಕೆಗೆ ಅಮೇರಿಕವು ೧೯೯೫ರಲ್ಲಿ ಅಲ್ಲಿಯ ಸಂಶೋಧಕರಿಬ್ಬರಿಗೆ ಏಕಸ್ವಾಮ್ಯವನ್ನು ಕೊಟ್ಟಿತು. ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿಯು ಹಳೆಯ ಗ್ರಂಥಗಳನ್ನು ಮುಂದಿಟ್ಟು ವಾದಿಸಿ ೧೯೯೭ರಲ್ಲಿ ಅದನ್ನು ರದ್ದುಮಾಡಿಸಿತು. ನಮ್ಮ ಅಜ್ಜಿಯರು ಗೆದ್ದ ಮೊಕದ್ದಮೆ ಅದು. ಆದರೆ ನ್ಯಾಯದ ಗೆಲುವು ಬೇರೆ, ಗುಣದ ಸಾಧನೆ ಬೇರೆ. ಅರಿಷಿಣದ ಹಳದಿ ದ್ರವ್ಯವಾದ ಕರ್ಕ್ಯುಮಿನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಬಿದ್ದಾಗ, ಮೇಲೆ ಹೇಳಿದ ಕೈನೇಸುಗಳ ದಾರಿಯನ್ನು ತಡೆಯುವುದು ನಿಜ. ಉಂಡಾಗ ಮಾತ್ರ ಅದು ರಕ್ತಕ್ಕೆ ಸೇರುವುದೇ ಅತ್ಯಲ್ಪ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ೧೯೯೮ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ೨ ಗ್ರಾಂ ಕರ್ಕ್ಯುಮಿನ್ನನ್ನು ನುಂಗಿದವರ ರಕ್ತದಲ್ಲಿ ಅದು ಕಾಣಿಸಿಕೊಂಡದ್ದೇ ಕಷ್ಟ. ಕರಿಮೆಣಸಿನ ಸತ್ವವಾದ ಪೈಪರೀನನ್ನು ೨೦ ಮಿಲಿಗ್ರಾಂನಷ್ಟು ಜೊತೆಗೆ ಕೊಟ್ಟಾಗ ಅದರ ದಕ್ಕುವಿಕೆ ಸುಮಾರು ಇಪ್ಪತ್ತು ಪಟ್ಟು ಏರಿತು. ಸಾರಿಗೆ ಅರಿಷಿಣದೊಡನೆ ಮೆಣಸನ್ನು ಹಾಕುವ ಅಡುಗೆಮನೆಯ ರೂಢಿ ಇಲ್ಲಿ ನೆನಪಾಗದಿರದು. ಆದರೂ ಅತ್ಯಲ್ಪದ ಇಪ್ಪತ್ತು ಪಟ್ಟೂ ಅಲ್ಪವೇ. ಅರಿಷಿಣವು ಗಾಯಕ್ಕೆ ಬೇಕು, ಸಾರಿಗೆ ಬೇಕು. ಧನುರ್ವಾಯುವಿನ ಚುಚ್ಚುಮದ್ದಿನ ಸ್ಥಾನದಲ್ಲಿ ಅದನ್ನು ಕೂರಿಸಲಾಗದು.

ಈ ಎಲ್ಲ ಶಾಸ್ತ್ರವು ಹುಬ್ಬಳ್ಳಿಯ ಮನೆಮನೆಯ ಪ್ರಶ್ನೆಯಾದದ್ದು ೨೦೨೦-೨೧ರಲ್ಲಿ. ಕೊರೋನಾ ಸೋಂಕಿನ ತೀವ್ರಾವಸ್ಥೆಯಲ್ಲಿ ಅನೇಕರನ್ನು ಕೊಂದದ್ದು ವೈರಾಣುವಿನ ನೇರ ಹಾವಳಿಗಿಂತ ಹೆಚ್ಚಾಗಿ ಶ್ವಾಸಕೋಶದಲ್ಲಿ ಹಿಡಿತ ತಪ್ಪಿದ ಉರಿಯೂತ. ಇಂಗ್ಲೆಂಡಿನಲ್ಲಿ ನಡೆದ ದೊಡ್ಡ ಪರೀಕ್ಷೆಯೊಂದರ ಫಲಿತಾಂಶವು ೨೦೨೦ರ ಜೂನ್ ತಿಂಗಳಲ್ಲಿ ಹೊರಬಂದಿತು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೆರಾಯ್ಡನ್ನು ದಿನಕ್ಕೆ ೬ ಮಿಲಿಗ್ರಾಂನಂತೆ ಹೆಚ್ಚೆಂದರೆ ಹತ್ತು ದಿನ ಕೊಟ್ಟಾಗ, ಉಸಿರಾಟದ ಯಂತ್ರದ ಮೇಲಿದ್ದವರ ಸಾವು ಮೂರರಲ್ಲೊಂದು ಪಾಲು, ಕೇವಲ ಆಮ್ಲಜನಕವನ್ನು ಪಡೆಯುತ್ತಿದ್ದವರ ಸಾವು ಐದರಲ್ಲೊಂದು ಪಾಲು ತಗ್ಗಿತು. ಆಮ್ಲಜನಕದ ಅಗತ್ಯವೇ ಇಲ್ಲದವರಿಗೆ ಲಾಭವೇನೂ ಕಾಣಲಿಲ್ಲ. ಸ್ಟೆರಾಯ್ಡುಗಳು ಒತ್ತಳಿಸುವ ಫಾಸ್ಫಟೇಸನ್ನು ಹೆಚ್ಚಿಸುತ್ತವೆ, ಎನ್ಎಫ್-ಕಪ್ಪಾ-ಬಿಯ ಬರವಣಿಗೆಯನ್ನು ತಡೆಯುತ್ತವೆ. ಬೆಂಕಿ ಕೈಮೀರಿದವನಿಗೆ ಅದು ಪ್ರಾಣದಾನ. ಬೆಂಕಿ ಈಗಷ್ಟೇ ಹೊತ್ತಿ ವೈರಾಣುವನ್ನು ಸುಡುತ್ತಿರುವವನಿಗೆ ಕೊಟ್ಟರೆ ಒಲೆಗೆ ನೀರು ಹೊಯ್ದಂತೆ.

ಈ ಭೇದವನ್ನು ಲೆಕ್ಕಿಸದೆ ೨೦೨೧ರ ಎರಡನೆಯ ಅಲೆಯಲ್ಲಿ ಅನೇಕರು ಜ್ವರ ಬಂದೊಡನೆ ಮನೆಯಲ್ಲಿಯೇ ಸ್ಟೆರಾಯ್ಡು ಮಾತ್ರೆಗಳನ್ನು ನುಂಗಿದರು. ಸ್ಟೆರಾಯ್ಡು ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಭಕ್ಷಕ ಕೋಶಗಳನ್ನು ಮಂಕಾಗಿಸುತ್ತದೆ. ಮಧುಮೇಹವುಳ್ಳವರಲ್ಲಿ ಇವೆರಡೂ ಕೂಡಿದಾಗ, ಗಾಳಿಯಲ್ಲಿಯೂ ಮಣ್ಣಿನಲ್ಲಿಯೂ ಸದಾ ಇರುವ, ಆರೋಗ್ಯವಂತನನ್ನು ಏನೂ ಮಾಡಲಾರದ ಶಿಲೀಂಧ್ರವೊಂದು ಮೂಗಿನಿಂದ ಕಣ್ಣಿಗೂ ಮಿದುಳಿಗೂ ಹಬ್ಬಿತು. ಜನ ಅದನ್ನು ಕಪ್ಪು ಶಿಲೀಂಧ್ರವೆಂದರು. ೧೯೫೭ರಲ್ಲಿ ಸ್ಥಾಪನೆಯಾದ, ಊರವರು ಕಿಮ್ಸ್ ಎಂದೇ ಕರೆಯುವ ವಿದ್ಯಾನಗರದ ವೈದ್ಯಕೀಯ ಸಂಸ್ಥೆಯ ವಾರ್ಡುಗಳು ಆ ಬೇಸಿಗೆಯಲ್ಲಿ ಸುತ್ತಲಿನ ಜಿಲ್ಲೆಗಳಿಂದ ಬಂದ ಇಂತಹ ರೋಗಿಗಳಿಂದ ತುಂಬಿದವು. ಕೊರೋನಾ ವಾಸಿಯಾಯಿತೆಂದು ಮನೆಗೆ ಮರಳಿದ್ದವರು ಕಣ್ಣನ್ನೋ ದವಡೆಯನ್ನೋ ಕಳೆದುಕೊಂಡ ದಿನಗಳವು. ಸುಶ್ರುತ ಸಂಹಿತೆಯು ಆಮ ಯಾವುದು, ಪಕ್ವ ಯಾವುದು ಎಂಬುದನ್ನು ಮೊದಲು ಅರಿಯಬೇಕೆಂದದ್ದು ಶಸ್ತ್ರದ ವಿಷಯದಲ್ಲಿ. ಅದು ಮಾತ್ರೆಗೂ ಸಲ್ಲುತ್ತದೆ. ಕೀಲುನೋವಿಗೆಂದು, ದಮ್ಮಿಗೆಂದು ವೈದ್ಯರ ಚೀಟಿಯಿಲ್ಲದೆ ಸ್ಟೆರಾಯ್ಡನ್ನು ಕೊಂಡು ನುಂಗುವ ರೂಢಿ ಆ ಬೇಸಿಗೆಯೊಡನೆ ಮುಗಿದುಹೋಯಿತೆಂದು ಹೇಳಲಾಗದು. ಹಾಗೆಯೇ, ವೈದ್ಯರು ಕ್ರಮವಾಗಿ ಕೊಟ್ಟ ಸ್ಟೆರಾಯ್ಡನ್ನು ಹೆದರಿ ಥಟ್ಟನೆ ನಿಲ್ಲಿಸುವುದೂ ಅಷ್ಟೇ ಅಪಾಯಕರ. ಬಹುದಿನ ಹೊರಗಿನಿಂದ ಸ್ಟೆರಾಯ್ಡು ಬಂದಾಗ ದೇಹವು ತನ್ನದನ್ನು ತಯಾರಿಸುವುದನ್ನು ಬಿಟ್ಟಿರುತ್ತದೆ.

ಬಾಲಕನ ಹಿಮ್ಮಡಿಗೆ ಇವಾವುದರ ಅಗತ್ಯವೂ ಬೀಳಲಿಲ್ಲವೆನ್ನಬೇಕು. ಎರಡನೆಯ ದಿನಕ್ಕೆ ಎ೨೦ ತನ್ನ ಕೆಲಸವನ್ನು ಮಾಡಿತ್ತು. ಕೊಬ್ಬಿನಾಮ್ಲಗಳಿಂದ ನೋವಿನ ದ್ರವ್ಯಗಳು ತಯಾರಾಗುತ್ತಿದ್ದಲ್ಲಿಯೇ ಲೈಪಾಕ್ಸಿಜನೇಸ್ ಎಂಬ ಬೇರೊಂದು ಕಿಣ್ವವರ್ಗವು ಶಮನಕಾರಿ ದ್ರವ್ಯಗಳನ್ನು ಮಾಡತೊಡಗಿತು. ಉರಿಯೂತವು ತಾನಾಗಿ ನಂದಿಹೋಗುವುದಿಲ್ಲ, ಅದನ್ನು ದುಡಿದು ನಂದಿಸಬೇಕಾಗುತ್ತದೆ ಎಂಬುದು ತಿಳಿದುಬಂದು ಇನ್ನೂ ಬಹಳ ಕಾಲವಾಗಿಲ್ಲ. ಹೊಸ ಕೋಶಗಳ ಬರುವಿಕೆ ನಿಂತಿತು. ಕಾದಿ ಸತ್ತವುಗಳನ್ನು ಮಹಾಭಕ್ಷಕಗಳು ನುಂಗಿ ನೆಲವನ್ನು ಚೊಕ್ಕಟ ಮಾಡಿದವು. ನಾಲ್ಕನೆಯ ದಿನ ಹಿರಿಯಳು ಅರಿವೆಯನ್ನು ಬಿಚ್ಚಿದಾಗ ಬಾವು ಇಳಿದು, ಗಾಯದ ಮೇಲೆ ಹೊಪ್ಪಳಿಕೆ ಕಟ್ಟಿತ್ತು. ಅವಳು ಅದನ್ನು ಕೆರೆಯಬೇಡವೆಂದು ಗದರಿಸುವಷ್ಟರಲ್ಲಿ ಬಾಲಕನು ಓಣಿಯ ತಿರುವನ್ನು ದಾಟಿಯಾಗಿತ್ತು.